ಇಪ್ಪತ್ತೊಂದಕ್ಕೆ ಬೆಳೆಸುವ ಕೋಣೆ

ಮಕ್ಕಳನ್ನು ಜೈಲಿಗೆ ಹಾಕುವಂತಿಲ್ಲ ಎಂದು ಕಾನೂನಿದೆ. ಹಾಗಾಗಿ ಕೊಲೆ ಮಾಡಿದ ಮಕ್ಕಳನ್ನು ಮೊದಲು ಇಪ್ಪತ್ತೊಂದು ವರ್ಷಕ್ಕೆ ಬೆಳೆಸುತ್ತಾರೆ. ಕೋರ್ಟಿನ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆಯ ಕೆಲಸ.

ಹನ್ನೊಂದು ವರ್ಷದ ಕಸ್ತೂರಿ, ಅವ್ವನನ್ನು ಬಡಿಯುತ್ತಿದ್ದ ಅಪ್ಪನನ್ನು ಮಾಳಿಗೆಯಿಂದ ತಳ್ಳಿದ್ದಳು. ಅವನು ಸತ್ತಿದ್ದ.

"ಸಾಹೇಬ್ರ, ಸೋಮವಾರ ದಿಲ್ಲಿಯಾಗ ಕಾನೂನು ಬದಲಾಗ್ತದಂತ. ಅಲ್ಲೀತನಾ ತಡೀರಿ," ಎಂದಳು ತಾಯಿ ನೀಲವ್ವ. "ಆಕಿ ಇನ್ನೂ ಮೈನೆರೆದಿಲ್ರೀ. ಆರತಿ ಮಾಡಿ ಮೊದಲ ಸೀರಿ ಉಡಸಬೇಕು."

"ಹೋದ ಸೋಮವಾರನೂ ಹಂಗ ಅಂದ್ರು," ಗುಮಾಸ್ತ ಸೀಲು ಒತ್ತಿದ. "ಸೀರಿ ಇಲ್ಲೇ ಉಡಸವ್ವ. ಲಂಗ ಸಾಲಂಗಿಲ್ಲ."

ಅರ್ಧ ಗಂಟೆಯ ಮೇಲೆ ಕೋಣೆಯ ಬಾಗಿಲು ತೆರೆಯಿತು. ನೀಲವ್ವನಿಗಿಂತ ಎತ್ತರ ಬೆಳೆದ ಕಸ್ತೂರಿ, ಪೊಲೀಸರನ್ನು ಕಂಡು ಅವ್ವನ ಬೆನ್ನ ಹಿಂದೆ ಅಡಗಿದಳು. ಎಷ್ಟು ಬಗ್ಗಿದರೂ ಕಾಣುತ್ತಲೇ ಇದ್ದಳು.