ಫೋನಿನಲ್ಲಿ ಜಾಗವಿಲ್ಲ

ಬುಧವಾರ ಸಂಜೀವ ಮೀನಿಗೆಂದು ಕಡಲಿಗೆ ಹೋದ ದೋಣಿ ಭಾನುವಾರವಾದರೂ ದಡ ಸೇರಲಿಲ್ಲ. ಹುಡುಕಲು ಹೋದವರು ದಿಕ್ಕು ತಿಳಿಯದೆ ಬರಿಗೈಯಲ್ಲಿ ಮರಳಿದ್ದರು. ಪೊಲೀಸರು ಅವನದೊಂದು ಫೋಟೊ ಕಳಿಸಲು ಹೇಳಿದರು. ಹೆಂಡತಿ ವಾರಿಜ ತನ್ನ ಫೋನನ್ನು ನಾದಿನಿ ಲಲಿತಳ ಕೈಗಿಟ್ಟಳು.

“ಫೋಟೊ ಹೋತಿಲ್ಲೆ ಅತ್ಗಿ, ಫೋನ್ ಪೂರಾ ತುಂಬಿತ್. ಬ್ಯಾಡದ್ದೆಲ್ಲ ಅಳಸ್ಲಾ?”

“ಅಳ್ಸ್. ಅವ್ರದ್ದೊಂದ್ ಮುಟ್ಬೇಡ.”

ಲಲಿತ ಶುಭೋದಯದ ಹೂವುಗಳನ್ನು, ಯಾರದೋ ಸೀಮಂತದ ವಿಡಿಯೊಗಳನ್ನು, ಒಂದೇ ಮಗುವಿನ ನಲವತ್ತು ಫೋಟೊಗಳನ್ನು ಅಳಿಸುತ್ತ ಹೋದಳು. ಅಣ್ಣನ ಫೋಟೊಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಅವನ ಹೆಸರಿಟ್ಟಳು. ಅದರಲ್ಲಿ ಅವನು ನಗುತ್ತಿದ್ದ ಒಂದನ್ನು ವಾರಿಜ ಆರಿಸಿಕೊಟ್ಟಳು. ಫೋಟೊ ಹೋಯಿತು.

ಆಗ ಅಲ್ಲಿಯವರೆಗೆ ತಡೆದು ನಿಂತಿದ್ದ ಸಂದೇಶಗಳು ಒಂದರ ಹಿಂದೊಂದು ಬರತೊಡಗಿದವು. ಅವುಗಳ ನಡುವೆ ಸಂಜೀವನ ದನಿಯೂ ಇತ್ತು.

“ವಾರಿಜಾ, ಎಂಜಿನ್ ನಿಂತ್ ಹೋಯ್ತ್, ದೋಣಿಗೆ ನೀರ್ ಬತ್ತಾ ಇತ್ತ್. ದೋಣಿ ಯಜಮಾನ್ರಿಗೆ ಫೋನ್ ಹೋತಿಲ್ಲೆ. ನಾವಿಪ್ಪು ಜಾಗ ಮ್ಯಾಪಲ್ಲಿ ಕಳ್ಸಿದ್ದೆ, ಬೇಗ ಅವ್ರಿಗೆ ತೋರ್ಸ್.”

ಅವನು ಅದನ್ನು ಕಳಿಸಿದ್ದು ಬುಧವಾರ ಸಂಜೆ.