ರಂಜಕದ ವಿಚಾರಣೆ

“ರಂಜಕ ಅಂದರೆ ಬೆಂಕಿಪೆಟ್ಟಿಗೆಯದ್ದಾ?” ಹೆಡ್ ಕಾನ್‌ಸ್ಟೆಬಲ್ ವೆಂಕಪ್ಪನವರ ಪೆನ್ನು ಗಕ್ಕನೆ ನಿಂತಿತು.

ಶಾಹಿದಾಳ ಪಾಸ್‌ಪೋರ್ಟ್ ವಿಚಾರಣೆಗೆಂದು ಅವರು ವಾಮದಪದವಿನ ಮನೆಗೆ ಬಂದಿದ್ದರು. ಅವಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಜರ್ಮನಿಯ ಪ್ರಯೋಗಾಲಯವೊಂದು ಅವಳನ್ನು ಕರೆದಿತ್ತು. ಅಕ್ಟೋಬರಿನೊಳಗೆ ತಲುಪದಿದ್ದರೆ ಆ ಜಾಗ ಬೇರೆಯವರ ಪಾಲು.

“ರಂಜಕ ಮತ್ತು ಬೋರಾನ್ ಸಾರ್. ಎರಡನ್ನೂ ಸೇರಿಸಿ ಹೊಸ ಸಂಯುಕ್ತ ಮಾಡ್ತೇವೆ. ಅದು ಯಾವುದರ ಜೊತೆ ಹೇಗೆ ವರ್ತಿಸ್ತದೆ ಅಂತ ನೋಡ್ತೇವೆ.”

“ಹೊತ್ತಿಕೊಳ್ತದಾ?”

“ಕೆಲವು ಗಾಳಿ ತಾಗಿದರೆ ಹೊತ್ತಿಕೊಳ್ತವೆ. ಅದಕ್ಕೇ ಗಾಳಿಯಿಲ್ಲದ ಗಾಜಿನ ಪೆಟ್ಟಿಗೆಯೊಳಗೆ ಮಾಡುವುದು.”

ವೆಂಕಪ್ಪ ಮಂಚದಡಿಗೊಮ್ಮೆ ಕಣ್ಣು ಹಾಯಿಸಿದರು. “ಇದೆಲ್ಲ ಸರಕಾರಕ್ಕೆ ಗೊತ್ತುಂಟಾ?”

“ಸರಕಾರದ್ದೇ ಸ್ಕಾಲರ್‌ಶಿಪ್ ಸಾರ್.”

ಸರಕಾರವೂ ಇದರಲ್ಲಿ ಶಾಮೀಲು ಎಂದು ತಿಳಿದು ಅವರ ಮುಖ ಇನ್ನಷ್ಟು ಗಂಭೀರವಾಯಿತು.

ಶಾಹಿದಾಳ ತಂದೆ ಮಹಮ್ಮದ್ ಕುಂಞಿ ಬಟ್ಟೆ ಅಂಗಡಿಯವರು. ಗಿರಾಕಿಯ ಮುಖ ನೋಡಿಯೇ ಬಣ್ಣ ಬದಲಿಸಿ ತೋರಿಸುವ ಜಾಣ. “ಗೃಹವಿಜ್ಞಾನ ಅಂತ ಬರೆಯಿರಿ ಸಾರ್. ಅಲ್ಲಿಯೂ ಕಾಯಿಸುವುದೇ, ಇಲ್ಲಿಯೂ ಕಾಯಿಸುವುದೇ,” ಎಂದರು.

ವೆಂಕಪ್ಪನವರಿಗೆ ಹೋದ ಜೀವ ಬಂತು. ಲಗುಬಗೆಯಿಂದ ಬರೆದು, ರುಜು ಹಾಕಲೆಂದು ಕಾಗದವನ್ನು ಶಾಹಿದಾಳತ್ತ ತಳ್ಳಿದರು. ಐದು ವರ್ಷ ಕೈ ಸುಟ್ಟುಕೊಂಡು ಮಾಡಿದ ಕೆಲಸ ಅಡುಗೆಮನೆಗೆ ಹೋಗಿ ಕೂತದ್ದನ್ನು ಅವಳು ನೋಡಿದಳು. ಅದನ್ನು ಹೊಡೆದುಹಾಕಿ, ‘ಬೋರಾನ್-ರಂಜಕ ಸಂಯುಕ್ತಗಳು’ ಎಂದು ದುಂಡಗೆ ಬರೆದಳು.

“ಹೀಗೆ ಹೋದರೆ ಮೇಲಿನವರು ಹತ್ತು ಪ್ರಶ್ನೆ ಕೇಳ್ತಾರೆ. ತಡ ಆಗ್ತದೆ.”

ವೆಂಕಪ್ಪನವರ ಮಾತು ಸುಳ್ಳಾಗಲಿಲ್ಲ. ಪಾಸ್‌ಪೋರ್ಟ್ ಬಂದದ್ದು ಕ್ರಿಸ್ಮಸ್ ಕಳೆದ ಮೇಲೆ, ಜರ್ಮನಿಯ ಜಾಗ ಹೋದ ಮೇಲೆ. ಆದರೆ ಆ ದಿನ ವೆಂಕಪ್ಪನವರ ಎದುರು ಕೂತಿದ್ದಾಗ ಶಾಹಿದಾಳನ್ನು ಕೊರೆಯುತ್ತಿದ್ದುದು ಬೇರೆ.

“ಪುಂಜಾಲಕಟ್ಟೆಯ ವಿಸ್ಮಿತಾಳ ಪಾಸ್‌ಪೋರ್ಟಿಗೆ ತಡ ಆಗಲಿಲ್ಲವಲ್ಲ ಸಾರ್? ಹೋದ ತಿಂಗಳು ಅವರ ಮನೆಗೆ ನೀವೇ ಹೋದದ್ದಂತೆ. ಅವಳದ್ದೂ ಇದೇ ಪ್ರಯೋಗಾಲಯ, ನನ್ನ ಪಕ್ಕದ್ದೇ ಮೇಜು, ಇದೇ ರಂಜಕ.”

“ಮಗಳೇ, ಸುಮ್ಮನಿರು,” ಎಂದು ಕುಂಞಿ ಗದರಿದರು.

ವೆಂಕಪ್ಪನವರ ಮುಖ ಮಾತ್ರ ಅರಳಿತು. “ಹೌದು ಹೌದು! ಪಾಯಸ ಕೊಟ್ಟಿದ್ದರು. ‘ಸಂಶೋಧನೆ’ ಅಂತ ಬರೆದು ಬಂದೆ.”

“ಎಂಥದರ ಸಂಶೋಧನೆ ಅಂತ ಕೇಳಲಿಲ್ಲವಾ?”

ವೆಂಕಪ್ಪ ನಿಜಕ್ಕೂ ಯೋಚಿಸಿದರು. ಸುಳ್ಳು ಹೇಳುವವರ ಪೈಕಿಯಲ್ಲ ಅವರು.

“ಅಲ್ಲಿ ಕೇಳಬೇಕು ಅಂತ ಅನಿಸಲೇ ಇಲ್ಲ ಮಾರಾಯ್ತಿ,” ಎಂದು ಕುಂಞಿ ತಂದಿಟ್ಟಿದ್ದ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.