ಬೀಳಬಾರದ ಊರು

ಮರಳುಗಾಡಿನ ಆ ಹಳೇ ಕೌಬಾಯ್ ಸಿನಿಮಾ ಸೆಟ್ಟಿನ ಊರಲ್ಲಿ ಮಧ್ಯಾಹ್ನವಾದರೆ ಈಗಲೂ ಗುಂಡು ಹಾರುತ್ತದೆ. ಹಾರಿಸುವವರು ಯಾರೂ ಇಲ್ಲ. ಆ ಸದ್ದಿಗೆ ಬಿದ್ದವರನ್ನು ಮಾತ್ರ ಊರು ತನ್ನಲ್ಲೇ ಇಟ್ಟುಕೊಳ್ಳುತ್ತದೆ.

"ನಿಂತಿದ್ರೆ ಏನೂ ಆಗಲ್ಲಮ್ಮ," ಎಂದ ನಮ್ಮ ಟೂರಿನ ಗೈಡ್ ಹಸನಬ್ಬ. ಸೆಟ್ಟಿನ ಸಾರಾಯಿ ಅಂಗಡಿ ಮುಂದೆ ಚೂಡಿದಾರ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. "ಇವ್ರು ಹೋದ ಯುಗಾದಿಗೆ ಬಂದು ಬಿದ್ದವ್ರು. ಮಕ್ಕಳು ಬಂದು ಕರೀತಾರೆ, ಗುರುತೇ ಹಿಡಿಯಲ್ಲ."

ನನ್ನ ಗಂಡ ವೀರಭದ್ರಯ್ಯನವರಿಗೆ ಸಿನಿಮಾಗಳಲ್ಲಿ ಗುಂಡೇಟು ತಿಂದು ಬೀಳುವುದೇ ಕೆಲಸವಾಗಿತ್ತು. ಶೂಟಿಂಗಿನ ಕಾಲದಲ್ಲಿ ಈ ಬೀದಿಯಲ್ಲೂ ಬಿದ್ದಿದ್ದರು; ಊರಿಗೆ ಈ ಚಾಳಿ ಬಂದದ್ದು ಆಮೇಲೆ. ಇಲ್ಲಿ ಒಮ್ಮೆ ಬೀಳದೆ ನಿಲ್ಲಬೇಕೆಂಬುದು ಅವರ ಹಟ. ಆದರೆ ಪಟಾಕಿ ಸಿಡಿದರೂ ಎದೆ ಹಿಡಿದು ವಾಲುವ ಮನುಷ್ಯ! ತಿಂಗಳಿಡೀ ಬೆನ್ನ ಹಿಂದೆ ತಟ್ಟೆ ಬೀಳಿಸಿ, ಅಲುಗದೆ ನಿಲ್ಲುವುದನ್ನು ನಾನೇ ಕಲಿಸಿದ್ದೆ. ಈಗ ಬೀದಿಯಲ್ಲಿ ಅವರ ಪಕ್ಕದಲ್ಲೇ, ಹಿಂದಿನಿಂದ ಬೆಲ್ಟು ಹಿಡಿದು ನಿಂತಿದ್ದೆ.

"ಬೆಲ್ಟ್ ಬಿಡೇ, ಪ್ಯಾಂಟು ಜಾರುತ್ತೆ."

"ಜಾರಲಿ ರೀ. ನೀವು ಬೀಳಬೇಡಿ ಅಷ್ಟೇ."

"ನಿನ್ನ ತಟ್ಟೆಗಿಂತ ಜೋರಿರುತ್ತೇನೇ ಇದು?"

ಗುಂಡು ಹಾರಿತು. ಅವರ ಮೈ ನಡುಗಿದ್ದು ಬೆಲ್ಟು ಹಿಡಿದಿದ್ದ ನನ್ನ ಕೈಗೆ ತಿಳಿಯಿತು. ಹೆದರಿ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ನಿಂತೇ ಇದ್ದರು, ಕಂಬದ ಹಾಗೆ ನೆಟ್ಟಗೆ.

"ನೋಡಿದ್ಯೇನೇ, ಬೀಳಲಿಲ್ಲ!" ಎನ್ನುತ್ತಾ ನಗುತ್ತಲೇ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ನಾನಿರಲಿಲ್ಲ. ನನ್ನ ಮೊಣಕಾಲು ಯಾವಾಗ ಮಡಚಿತೋ ಗೊತ್ತೇ ಆಗಿರಲಿಲ್ಲ. ಅವರ ಮುಖದ ನಗು ಆರುವುದನ್ನು ನಾನು ಕೆಳಗಿನಿಂದ, ಮರಳ ಮೇಲಿಂದ ನೋಡುತ್ತಿದ್ದೆ.